ಹಳದಿ ಕೊರಳಿನ ಪಿಕಳಾರ: ಜೋಗಿಮಟ್ಟಿ ನಕ್ಷೆ ಎಲ್ಲಿಗೆ ಬಂತು

ಮಳೆ ಹಿಡಿಯುವ ಮೊದಲು ಒಂದು ಅಪ್‌ಡೇಟ್. ಹಳದಿ ಕೊರಳಿನ ಪಿಕಳಾರ (ಬುಲ್‌ಬುಲ್) ಎಲ್ಲೆಲ್ಲಿ ಇದೆ ಎಂದು ಗುರುತು ಹಾಕುತ್ತಿರುವ ನಮ್ಮ ನಕ್ಷೆಯಲ್ಲಿ ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಕಡೆ ಹೆಚ್ಚೂಕಡಿಮೆ ತುಂಬಿದೆ. ಕೋಟೆ ಹಿಂಭಾಗ ಮತ್ತು ಚಂದ್ರವಳ್ಳಿ ಸುತ್ತಮುತ್ತ ಇನ್ನೂ ಅರ್ಧಂಬರ್ಧ. ಮೊಳಕಾಲ್ಮೂರಿನ ಗುಡ್ಡಗಳು ಪೂರ್ತಿ ಬಾಕಿ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಈ ಹಕ್ಕಿ ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಇಲ್ಲೂ ಎಲ್ಲ ಕಡೆ ಸಿಗುವುದಿಲ್ಲ. ದೊಡ್ಡ ದೊಡ್ಡ ಬಂಡೆ, ಬಂಡೆ ಸಂದಿಯಲ್ಲಿ ದಟ್ಟ ಪೊದೆ, ಹಣ್ಣು ಬಿಡುವ ಒಂದೆರಡು ಅತ್ತಿ ಜಾತಿಯ ಮರ, ಇಷ್ಟಿದ್ದ ಕಡೆ ಹುಡುಕಬೇಕು. ಊರೊಳಗಿನ ಕೆಂಪು ಬಾಲದಡಿಯ ಪಿಕಳಾರ ತೋಟ, ಬೇಲಿ, ಕರೆಂಟ್ ತಂತಿ ಎಲ್ಲಾದರೂ ಹೊಂದಿಕೊಳ್ಳುತ್ತದೆ. ಇದಕ್ಕೆ ಬಂಡೆಗುಡ್ಡವೇ ಬೇಕು. ಅಪಾಯದಲ್ಲಿರುವ ಜೀವಿಗಳ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಇದು ‘ವಲ್ನರಬಲ್’, ಅಂದರೆ ಅಳಿವಿನ ಅಪಾಯ ಇರುವ ಹಕ್ಕಿ.

ಗುರುತಿಸುವಾಗ ಬಿಳಿ ಹುಬ್ಬಿನ ಪಿಕಳಾರದ ಜೊತೆ ಗೊಂದಲ ಆಗುವುದು ಜಾಸ್ತಿ. ಅದೂ ಅದೇ ಪೊದೆಯಲ್ಲಿ ಇರುತ್ತದೆ, ಅದರ ಬಾಲದ ಬುಡದಲ್ಲೂ ಹಳದಿ ಇದೆ. ಹಾಗಾಗಿ ತಲೆ ನೋಡಿ. ನಮ್ಮ ಹಕ್ಕಿಗೆ ಬಿಳಿ ಹುಬ್ಬು ಇಲ್ಲ, ತಲೆಯೆಲ್ಲ ಹಸಿರು ಮಿಶ್ರಿತ ಹಳದಿ, ಕೊರಳಿಗೆ ಬಂದಂತೆ ಹಳದಿ ಗಾಢವಾಗುತ್ತದೆ, ಎದೆ ಬೂದು. ಹಾರಿ ಹೋಗುವಾಗ ಬಾಲದ ತುದಿಯ ತಿಳಿ ಬಣ್ಣ ಹೊಳೆದರೆ ಇನ್ನೂ ಖಚಿತ. ಬರೀ ಕೂಗು ಕೇಳಿದ್ದನ್ನು ನಾನು ನಕ್ಷೆಗೆ ಹಾಕುತ್ತಿಲ್ಲ.

ಈಗ ನನ್ನ ತಲೆ ತುಂಬಿರುವ ವಿಷಯ. ಪಶ್ಚಿಮ ಘಟ್ಟದ ಶೋಲಾ ಕಾಡಿನ (ಎತ್ತರದ ಬೆಟ್ಟಗಳ ತಂಪು ಕಾಡು) ಹಕ್ಕಿಗಳ ಡಿಎನ್‌ಎ ಮೇಲೆ ಸಂಶೋಧಕ ವಿ.ವಿ. ರಾಬಿನ್ ಮತ್ತು ಸಂಗಡಿಗರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 23 ಜಾತಿ ನೋಡಿದರು. 10 ಜಾತಿಗಳಲ್ಲಿ ವಂಶ ಬೇರ್ಪಟ್ಟ ಅತಿ ಹಳೆಯ ಕವಲು ಪಾಲಕ್ಕಾಡ್ ಕಣಿವೆಯ, ಅಂದರೆ ಘಟ್ಟಸಾಲಿನ ಅತಿ ಅಗಲವಾದ ಕಣಿವೆಯ, ಆಚೀಚೆ ಸಿಕ್ಕಿತು. ತಂಪು ಬೆಟ್ಟದ ಮೇಲೇ ಬದುಕುವ ಹಕ್ಕಿ ಆ ಬಿಸಿ ಬಯಲು ದಾಟಲಿಲ್ಲ, ಎರಡೂ ಕಡೆಯವು ಬೇರೆ ಬೇರೆ ದಾರಿ ಹಿಡಿದವು. ಕಿರಿದಾದ ಕಣಿವೆಗಳು ಆ ಹತ್ತರಲ್ಲಿ ಕೆಲವನ್ನು ಮಾತ್ರ, ಅದೂ ಇತ್ತೀಚೆಗೆ, ಬೇರ್ಪಡಿಸಿದ್ದವು. 2017ರಲ್ಲಿ ಇದೇ ಬೆಟ್ಟಗಳ ಹಕ್ಕಿಗಳಿಗೆ ಶೋಲಿಕೋಲ, ಮಾಂಟೆಸಿಂಕ್ಲಾ ಎಂಬ ಎರಡು ಹೊಸ ಕುಲಗಳನ್ನೇ (ಜಾತಿಗಿಂತ ಮೇಲಿನ ಗುಂಪು) ಮಾಡಬೇಕಾಯಿತು.

ನಮ್ಮ ಗುಡ್ಡಗಳಲ್ಲೂ ಹೊಸ ಜಾತಿ ಸಿಗುತ್ತದೆ ಅಂತ ಹೇಳುತ್ತಿಲ್ಲ. ಆದರೆ ಪ್ರಶ್ನೆ ಅದೇ ಅಲ್ವಾ, ನಡುವಿನ ಬಯಲು ದಾಟಿ ಹಕ್ಕಿ ಗುಡ್ಡದಿಂದ ಗುಡ್ಡಕ್ಕೆ ಹೋಗುತ್ತದಾ? ಜೋಗಿಮಟ್ಟಿ ಮೇಲೆ ನಿಂತರೆ ಸುತ್ತ ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಹೊಲ, ದೂರದಲ್ಲಿ ಇನ್ನೊಂದು ಗುಡ್ಡ. ಒಂದು ಗುಡ್ಡದಲ್ಲಿ ಕೆಲವೇ ಜೋಡಿ ಇದ್ದರೆ, ಯಾವ ಜೋಡಿಯ ಮರಿ ಉಳಿಯಿತು ಎಂಬ ಅದೃಷ್ಟದ ಮೇಲೇ ತಲೆಮಾರಿನಿಂದ ತಲೆಮಾರಿಗೆ ಕೆಲವು ವಂಶವಾಹಿ ರೂಪಗಳು ಸುಮ್ನೆ ಕಳೆದುಹೋಗುತ್ತವೆ, ಹತ್ತಿರದ ರಕ್ತಸಂಬಂಧಿಗಳೇ ಜೋಡಿಯಾಗುವುದೂ ಹೆಚ್ಚುತ್ತದೆ. ಇದನ್ನು ತಡೆಯಲು ದೊಡ್ಡ ವಲಸೆ ಬೇಕಿಲ್ಲ. ತಲೆಮಾರಿಗೆ ಒಂದೆರಡು ಹಕ್ಕಿ ಆಚೆಯಿಂದ ಬಂದು ಮರಿ ಮಾಡಿದರೂ ತುಂಬಾ ವ್ಯತ್ಯಾಸ ಆಗುತ್ತದೆ.

ಆ ಒಂದೆರಡು ಹಕ್ಕಿ ಹೇಗೆ ಬರಬೇಕು? ನನಗನಿಸುವುದು, ನಡುವಿನ ಮೊರಡಿಗಳ ಮೂಲಕ. ಹೊಲದ ಮಧ್ಯೆ ಎದ್ದು ನಿಂತಿರುವ ಸಣ್ಣ ಕಲ್ಲುಗುಡ್ಡೆಗಳು, ಮೇಲೆ ನಾಲ್ಕು ಪೊದೆ. ದೊಡ್ಡ ಗುಡ್ಡಕ್ಕೆ ಅರಣ್ಯ ಇಲಾಖೆ ಬೋರ್ಡ್ ಇರುತ್ತದೆ, ಮೊರಡಿಗೆ ಯಾರೂ ಇಲ್ಲ. ಜಲ್ಲಿ ಕ್ರಷರ್‌ಗೆ ಮೊದಲು ಹೋಗುವುದೂ ಅದೇ. ಗುಡ್ಡ ಉಳಿಸಿ ಮೊರಡಿ ಕಳೆದುಕೊಂಡರೆ ಹಕ್ಕಿ ಕಣ್ಣಿಗೆ ಕಾಣುತ್ತಲೇ ಇರುತ್ತದೆ, ಒಳಗೆ ಮಾತ್ರ ಬಡವಾಗುತ್ತಾ ಹೋಗುತ್ತದೆ. ಇದು ನನಗೆ ನಿಜಕ್ಕೂ ಚಿಂತೆಯ ವಿಷಯ.

ಹಕ್ಕಿ ಹಿಡಿದು ರಕ್ತ ತೆಗೆಯುವುದು ಅನುಮತಿ ಇರುವ ಸಂಶೋಧಕರ ಕೆಲಸ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ನಾವು ಅದಕ್ಕೆ ಕೈ ಹಾಕುವುದಿಲ್ಲ. ಗೂಡಿನ ಹತ್ತಿರ ಹೋಗುವುದು, ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದು ಕೂಡ ಬೇಡ. ನಾವು ಮಾಡಬಹುದಾದದ್ದು ಜಾಗದ ದಾಖಲೆ, ಹಾಡಿನ ರೆಕಾರ್ಡಿಂಗ್. ಮುಂದೆ ಯಾರಾದರೂ ಡಿಎನ್‌ಎ ಕೆಲಸಕ್ಕೆ ಬಂದರೆ ಯಾವ ಗುಡ್ಡ, ಯಾವ ಮೊರಡಿ ಅಂತ ಹುಡುಕುವ ಶ್ರಮ ಉಳಿಯಬೇಕು.

ಹಾಗಾಗಿ ಮುಂದಿನ ಹಂತದಲ್ಲಿ ಮೊರಡಿಗಳೇ ಮೊದಲು. ಪ್ರತಿಯೊಂದಕ್ಕೂ ಜಿಪಿಎಸ್, ಪೊದೆ ಎಷ್ಟಿದೆ, ಹಣ್ಣಿನ ಮರ ಯಾವುದು, ಹತ್ತಿರದಲ್ಲಿ ಕ್ವಾರಿ ಇದೆಯಾ. ಹಕ್ಕಿ ಸಿಗದಿದ್ದರೆ ‘ಇಲ್ಲ’ ಅಂತಲೂ ಬರೆಯಬೇಕು, ಎಷ್ಟು ಹೊತ್ತು ನೋಡಿದೆವು ಅನ್ನುವುದರ ಸಮೇತ. ಮೊಳಕಾಲ್ಮೂರು, ಹಿರಿಯೂರು ಕಡೆಯವರು ಯಾರಾದರೂ ಇದ್ದರೆ ನಿಮ್ಮ ಹೊಲದ ಪಕ್ಕದ ಮೊರಡಿಯಿಂದಲೇ ಶುರು ಮಾಡಿ. ಬೆಳಗ್ಗೆ ಬಿಸಿಲೇರುವ ಮೊದಲು ಹೋಗಿ.