ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವವರು ಮೊದಲ ದೋಣಿಯನ್ನೇ ಹಿಡಿಯಿರಿ

ಮಲ್ಪೆ ಸಮುದ್ರದ ನಡುವಿನ ಸೇಂಟ್ ಮೇರೀಸ್ ದ್ವೀಪಕ್ಕೆ ಡಿಸೆಂಬರ್ ಕೊನೆಯ ಭಾನುವಾರ ಹೊರಟದ್ದೇ ನಾವು ಮಾಡಿದ ತಪ್ಪು. ದಡದಲ್ಲಿ ಎದುರಾದ ದಲ್ಲಾಳಿಯೊಬ್ಬರು ದೋಣಿ ಈಗಲೇ ಹೊರಡುತ್ತದೆ, ದ್ವೀಪದಲ್ಲಿ ಎಷ್ಟು ಹೊತ್ತು ಬೇಕಾದರೂ ಇರಬಹುದು ಎಂದು ನಂಬಿಸಿ, ಚೀಟಿಯ ದರಕ್ಕಿಂತ ಹೆಚ್ಚು ಹಣ ಪಡೆದರು. ಆದರೆ ಆಸನಗಳೆಲ್ಲ ತುಂಬುವವರೆಗೆ ದೋಣಿ ಕದಲಲಿಲ್ಲ. ಒಂದೂಕಾಲು ಗಂಟೆ ಬಿಸಿಲಿನಲ್ಲಿ ಕಾದು ದ್ವೀಪದಲ್ಲಿ ಇಳಿದಾಗ, ಒಂದು ಗಂಟೆಯೊಳಗೆ ಹಿಂದಿರುಗಬೇಕೆಂಬ ಆದೇಶ ಬಂತು. ನೀವು ಹೋಗುವಾಗ ಕೌಂಟರಿನಲ್ಲಿಯೇ ಚೀಟಿ ಪಡೆದು, ಮರಳುವ ಸಮಯವನ್ನು ಅಲ್ಲಿಯೇ ಕೇಳಿಕೊಳ್ಳಿ. ಆ ದಿನ ನಾವು ಕಂಡದ್ದು ಜನರನ್ನು ಮಾತ್ರ.

ಮಂಗಳವಾರ ಬೆಳಿಗ್ಗೆ ಮೊದಲ ದೋಣಿಯಲ್ಲಿ ಮತ್ತೆ ಹೋದೆವು. ನೀರು ಇಳಿದಿತ್ತು. ಎಲ್ಲರೂ ಇಳಿದ ಜಾಗದ ಮರಳಿನಲ್ಲಿಯೇ ಉಳಿದಾಗ ನಾವು ತೆಂಗಿನ ಮರಗಳನ್ನು ದಾಟಿ ಪಶ್ಚಿಮದ ಅಂಚಿಗೆ ನಡೆದೆವು. ಅಲ್ಲಿ ಕಲ್ಲಿನ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಕೆಲವು ಸುಮಾರು 6 ಮೀಟರ್ ಎತ್ತರವಾಗಿವೆ. ಹೆಚ್ಚಿನವುಗಳ ತಲೆ ಆರು ಮೂಲೆಯದು, ಅಲ್ಲಲ್ಲಿ ಐದು, ಏಳು ಮೂಲೆಯವೂ ಸಿಗುತ್ತವೆ. ಬಗ್ಗಿ ನೋಡಿದರೆ ಒಂದು ಕಂಬದ ತಲೆಯ ಗುಳಿಯಲ್ಲಿ ಅಂಗೈಯಷ್ಟು ಉಪ್ಪುನೀರು ನಿಂತಿತ್ತು, ಅದರೊಳಗೆ ಉಗುರಿನಷ್ಟು ದೊಡ್ಡ ಏಡಿಯೊಂದು ನಮ್ಮ ನೆರಳು ಬಿದ್ದೊಡನೆ ಬಿರುಕಿಗೆ ಸರಿಯಿತು.

ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಇದು. ಬತ್ತಿದ ಕೆರೆಯ ಕೆಸರು ಬಿರಿಯುವಂತೆ, ತಣ್ಣಗಾಗುತ್ತ ಕುಗ್ಗಿದ ಲಾವಾ ಮೇಲಿನಿಂದ ಬಿರಿಯತೊಡಗಿ, ಆ ಬಿರುಕುಗಳು ಆಳಕ್ಕೆ ಇಳಿದಂತೆಲ್ಲ ಕಂಬಗಳಾದವು. ಇದನ್ನು ಬಸಾಲ್ಟ್, ಅಂದರೆ ಸಿಲಿಕಾ ಕಡಿಮೆಯಿರುವ ಕಪ್ಪು ಲಾವಾ ಶಿಲೆ, ಎಂದು ಕರೆಯುವ ರೂಢಿಯಿದ್ದರೂ ಇಲ್ಲಿನದು ಮರಳಿನಲ್ಲಿರುವಂಥ ಸಿಲಿಕಾ ಅಂಶ ಹೆಚ್ಚಾಗಿರುವ ರಯೋಲೈಟ್ ಬಗೆಯ ಲಾವಾ ಶಿಲೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾದ ಈ ಕಲ್ಲಿನ ಮೇಲೆ ಹೆಸರು ಗೀಚಿದವರನ್ನು ಕಂಡು ಮನಸ್ಸು ನೊಂದಿತು.

ಪಾಚಿ ಹಿಡಿದ ಕಂಬಗಳು ಬಹಳ ಜಾರುವುದರಿಂದ ಒಳ್ಳೆಯ ಹಿಡಿತವಿರುವ ಚಪ್ಪಲಿ ಬೇಕು. ಬಂಡೆಗಳ ಬಳಿ ಈಜಲು ಇಳಿಯಬೇಡಿ. ಸಮುದ್ರದ ಇಳಿತದ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಿ. ಮಳೆಗಾಲದಲ್ಲಿ ದೋಣಿಗಳಿರುವುದಿಲ್ಲ, ರಾತ್ರಿ ಉಳಿಯಲು ಅವಕಾಶವೂ ಇಲ್ಲ. ಜನಸಂದಣಿ ನನಗೆ ಒಗ್ಗುವುದಿಲ್ಲವಾದ್ದರಿಂದ ರಜಾದಿನಗಳಲ್ಲಿ ಹೋಗಿ ಎಂದು ಯಾರಿಗೂ ಹೇಳಲಾರೆ.

ಮರಳಿ ಬಂದ ಮೇಲೆ ಮೀನುಗಾರಿಕೆ ಬಂದರಿನ ಹಿಂದಿನ ಓಣಿಯಲ್ಲಿ, ನಾಮಫಲಕವೂ ಇಲ್ಲದ ಒಂದು ಪುಟ್ಟ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ ಮತ್ತು ಬಂಗುಡೆ ಸಾರು ಉಂಡೆವು. ಬಲೆ ರಿಪೇರಿ ಮಾಡಿ ಬಂದವರ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ನಮಗೆ ಅಲ್ಲಿನ ಅಮ್ಮ ಕೇಳದೆಯೇ ಎರಡನೆಯ ಸಲ ಸಾರು ಬಡಿಸಿದರು. ಹುಣಸೆ, ತೆಂಗಿನಕಾಯಿ, ಬ್ಯಾಡಗಿ ಮೆಣಸು ನುಣ್ಣಗೆ ಅರೆದ ಆ ಸಾರಿನ ರುಚಿಗೆ ನಾವು ತಂಗಿದ್ದ ದುಬಾರಿ ವಸತಿಗೃಹದ ಊಟ ಸಮನಲ್ಲ. ಮಧ್ಯಾಹ್ನ ಒಂದೂವರೆಗೆ ಮೀನು ಮುಗಿಯುತ್ತದೆ, ಆದ್ದರಿಂದ ದ್ವೀಪದಿಂದ ನೇರವಾಗಿ ಅಲ್ಲಿಗೇ ನಡೆಯಿರಿ.