ಮಾಸ್ಕ್ ಇಲ್ಲದೆ ಆ ಮನೆಗೆ ಹೋದವರು

2014ರ ಸೆಪ್ಟೆಂಬರ್ 30, ಮಂಗಳವಾರ. ಅನ್ನಕ್ಕಿಟ್ಟು ಟಿವಿ ಹಾಕಿದೆ. ಆಗ ಪಶ್ಚಿಮ ಆಫ್ರಿಕಾದಲ್ಲಿ ಹಬ್ಬಿದ್ದ ಎಬೋಲಾ ಎಂಬ ಮಾರಕ ರೋಗದ, ಅಮೆರಿಕದಲ್ಲೇ ಪತ್ತೆಯಾದ ಮೊದಲ ರೋಗಿ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿದ್ದಾರೆ ಅಂತ ಸುದ್ದಿ. ಆ ಆಸ್ಪತ್ರೆಗೆ ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ ದಾರಿ. ರಾತ್ರಿ ಎಂಟಕ್ಕೆ ಸಾಗರದಿಂದ ಅಮ್ಮನ ಫೋನ್ ಬಂತು. ಅಲ್ಲಿ ಆಗಷ್ಟೇ ಬೆಳಗಾಗಿತ್ತು.

"ಮಗೂನ ಸ್ಕೂಲಿಗೆ ಕಳಿಸ್ಬೇಡ. ಎಲ್ಲರೂ ಇಲ್ಲಿಗೇ ಬಂದ್ಬಿಡಿ" ಅಂದಳು. ನಾನು ಏನೋ ಸಮಾಧಾನ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಮಾತು ಕೇಳಿದಳು: "ಅಲ್ವೇ, ಆ ಮನೆಯವ್ರಿಗೆ ಊಟ ಯಾರು ಕೊಡ್ತಾರೆ?"

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಅಮ್ಮನಿಗೆ ಹೊಳೆದದ್ದಕ್ಕೆ ಕಾರಣ ಇದೆ. ನಮ್ಮದು ಮಂಗನ ಕಾಯಿಲೆಯ ಸೀಮೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಜ್ವರ ಅದು. ಉಣ್ಣೆ ಕಚ್ಚಿದರೆ ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದರೂ ಬೇಸಿಗೆ ಹತ್ತಿರ ಬಂದು ಕಾಡಿನಲ್ಲಿ ಮಂಗ ಸತ್ತ ಸುದ್ದಿ ಬಂದರೆ ಸಾಕು, ಜ್ವರ ಬಂದವರ ಮನೆ ಅಂಗಳಕ್ಕೂ ಜನ ಹೋಗುತ್ತಿರಲಿಲ್ಲ. ಅಂಥ ಮನೆಗಳ ಜಗಲಿ ಮೇಲೆ ಅನ್ನ ಸಾರು ಇಟ್ಟು ಬಂದವಳು ಅಮ್ಮ.

ಡಲ್ಲಾಸ್‌ನ ಆ ರೋಗಿಯ ಹೆಸರು ಥಾಮಸ್ ಎರಿಕ್ ಡಂಕನ್. ಸೆಪ್ಟೆಂಬರ್ 20ರಂದು ಲೈಬೀರಿಯಾದಿಂದ ಬಂದವರು. ಜ್ವರ ಅಂತ ಮೊದಲ ಸಲ ಆಸ್ಪತ್ರೆಗೆ ಹೋದಾಗ ಮಾತ್ರೆ ಕೊಟ್ಟು ವಾಪಸ್ ಕಳಿಸಿದ್ದರು. ಮತ್ತೆ 28ಕ್ಕೆ ಆಂಬುಲೆನ್ಸ್‌ನಲ್ಲೇ ಹೋಗಬೇಕಾಯಿತು. ಅಕ್ಟೋಬರ್ 8ಕ್ಕೆ ತೀರಿಕೊಂಡರು. ಅವರು ಇಳಿದುಕೊಂಡಿದ್ದ ವಿಕರಿ ಮೆಡೋ ಎಂಬ ಬಡಾವಣೆಯಲ್ಲಿ ಎಷ್ಟೋ ದೇಶಗಳಿಂದ ನಿರಾಶ್ರಿತರಾಗಿ ಬಂದವರಿದ್ದಾರೆ. ಆ ಅಪಾರ್ಟ್‌ಮೆಂಟಿನಲ್ಲಿ ಅವರ ಜೊತೆಗಿದ್ದ ನಾಲ್ವರು ಹೊರಗೆ ಬರಬಾರದು ಅಂತ ಸರ್ಕಾರದ ಆದೇಶ ಆಯಿತು. ಡಂಕನ್ ಮಲಗಿದ್ದ ಹಾಸಿಗೆ, ಬೆವರಿದ ಬಟ್ಟೆ ಎಲ್ಲ ಇನ್ನೂ ಮನೆಯೊಳಗೇ ಇದ್ದವು. ಹೊರಗೆ ಟಿವಿಯವರ ಗಾಡಿಗಳು. ಮೇಲೆ ಹೆಲಿಕಾಪ್ಟರ್.

ಆಗ ಅಲ್ಲಿಗೆ ಹೋದವರು ಕ್ಲೇ ಜೆಂಕಿನ್ಸ್. ಡಲ್ಲಾಸ್ ಕೌಂಟಿ ಜಡ್ಜ್. ಜಡ್ಜ್ ಅಂದರೆ ಇಲ್ಲಿ ಕೋರ್ಟಿನಲ್ಲಿ ಕೂರುವವರಲ್ಲ, ಕೌಂಟಿಯ ಆಡಳಿತದ ಮುಖ್ಯಸ್ಥರು. ನಮ್ಮ ಡಿಸಿ ಮಾಡುವ ಎಷ್ಟೋ ಕೆಲಸ ಇವರದು, ಆದರೆ ಜನರ ಓಟಿನಿಂದ ಬಂದವರು. ಮೈತುಂಬ ಮುಚ್ಚುವ ಉಡುಪಿಲ್ಲ, ಮಾಸ್ಕಿಲ್ಲ, ಮಾಮೂಲಿ ಶರ್ಟು. ಮನೆ ಸ್ವಚ್ಛ ಮಾಡಿಸುವುದು ತಡವಾಯಿತು, ಕ್ಷಮಿಸಿ ಅಂತ ಆ ಮನೆಯವರಿಗೆ ಹೇಳಿದರು. ಮರುದಿನ, ಅಕ್ಟೋಬರ್ 3ರಂದು, ಆ ನಾಲ್ವರನ್ನೂ ತಾವೇ ಕಾರಿನಲ್ಲಿ ಕೂರಿಸಿಕೊಂಡು, ಚರ್ಚಿನವರು ಒದಗಿಸಿದ ಬೇರೆ ಮನೆಗೆ ಬಿಟ್ಟು ಬಂದರು. ಆಮೇಲೆ ಪತ್ರಕರ್ತರ ಮುಂದೆ ನಿಂತು, ಆ ಕುಟುಂಬದ ಜೊತೆ ಕಾರಿನಲ್ಲಿ ಕೂತಾಗ ಹಾಕಿದ್ದ ಶರ್ಟೇ ಇದು ಅಂದರು.

ಇದು ಹುಂಬತನ ಅಂತ ಬೈದವರೂ ಇದ್ದರು. ನನಗೆ ಹಾಗನ್ನಿಸಲಿಲ್ಲ. ಎಬೋಲಾ ಗಾಳಿಯಲ್ಲಿ ಬರುವ ರೋಗ ಅಲ್ಲ. ರೋಗದ ಲಕ್ಷಣ ಕಾಣಿಸಿಕೊಂಡವರ ರಕ್ತ, ವಾಂತಿ, ಬೆವರಿನಂಥವು ತಾಕಿದರೆ ಮಾತ್ರ ಅಂಟುತ್ತದೆ. ಆ ನಾಲ್ವರಿಗೂ ಲಕ್ಷಣ ಇರಲಿಲ್ಲ. ಡಾಕ್ಟರುಗಳು ಟಿವಿಯಲ್ಲಿ ಇದನ್ನೇ ಹೇಳುತ್ತಿದ್ದರು, ಆದರೆ ಹೆದರಿದ ಕಿವಿಗೆ ಮಾತು ಹೋಗುವುದಿಲ್ಲ ಅಲ್ವಾ? ಜೆಂಕಿನ್ಸ್ ಆ ವಿಜ್ಞಾನವನ್ನು ನಂಬಿ ತಮ್ಮ ಮೈಯನ್ನೇ ಮುಂದಿಟ್ಟರು. ಕೊನೆಗೆ ಆ ಮನೆಯ ಒಬ್ಬರಿಗೂ ರೋಗ ಬರಲಿಲ್ಲ.

ನಾನು ಏನು ಮಾಡಿದೆ ಎಂಬುದನ್ನೂ ಹೇಳಬೇಕು. ನಮ್ಮ ಆಫೀಸಿನ ಸೆಕ್ಯುರಿಟಿಯವರೊಬ್ಬರು ಪಶ್ಚಿಮ ಆಫ್ರಿಕಾದವರು. ದಿನಾ ನಗುನಗುತ್ತಾ ಮಾತಾಡಿಸುತ್ತಿದ್ದರು. ಆ ವಾರ ಜನ ಅವರಿಂದ ದೂರ ದೂರ ಹೋದರು. ನಾನೂ ಎರಡು ದಿನ ಪಕ್ಕದ ಬಾಗಿಲಿನಿಂದ ಒಳಗೆ ಹೋದೆ. ಅವರು ಊರಿಗೆ ಹೋಗಿ ಆರು ವರ್ಷ ಆಗಿತ್ತು ಅಂತ ಆಮೇಲೆ ಗೊತ್ತಾಯಿತು. ಮೂರನೇ ದಿನ ಹೋಗಿ ಕೈಕುಲುಕಿದೆ. ಅವರು ಏನೂ ಕೇಳಲಿಲ್ಲ. ಆ ಎರಡು ದಿನ ಇವತ್ತಿಗೂ ನನ್ನನ್ನು ಚುಚ್ಚುತ್ತವೆ. ಲೈಬೀರಿಯಾ, ಸಿಯೆರಾ ಲಿಯೋನ್, ಗಿನಿಗಳಲ್ಲಿ ಆ ರೋಗಕ್ಕೆ 11,000ಕ್ಕೂ ಹೆಚ್ಚು ಜನ ಸತ್ತರು. ಹೆದರಬೇಕಾದ, ಅಳಬೇಕಾದ ಜಾಗ ಅದಾಗಿತ್ತು.

ಡಲ್ಲಾಸ್‌ನಲ್ಲಿ ಅಂಟಿದ್ದು ಇಬ್ಬರಿಗೆ ಮಾತ್ರ. ಇಬ್ಬರೂ ಡಂಕನ್ ಅವರನ್ನು ನೋಡಿಕೊಂಡ ನರ್ಸ್‌ಗಳು, ನೀನಾ ಫಾಮ್ ಮತ್ತು ಆಂಬರ್ ವಿನ್ಸನ್. ಇಬ್ಬರೂ ಗುಣವಾದರು. ನೀನಾ ಅವರನ್ನು ಅಧ್ಯಕ್ಷ ಒಬಾಮ ಶ್ವೇತಭವನಕ್ಕೆ ಕರೆದು ತಬ್ಬಿಕೊಂಡರು. ಆ ಫೋಟೊ ಅಮ್ಮ ಪೇಪರಿನಿಂದ ಕತ್ತರಿಸಿ ಇಟ್ಟುಕೊಂಡಿದ್ದಳು. ನವೆಂಬರ್ 7ಕ್ಕೆ ನಿಗಾದಲ್ಲಿದ್ದ 177 ಜನರ ಗಡುವೂ ಮುಗಿಯಿತು.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, 2025ರಲ್ಲಿ ಇದೇ ಟೆಕ್ಸಾಸ್‌ಗೆ ದಡಾರ ಬಂತು.

ಡಲ್ಲಾಸ್‌ನಿಂದ ಪಶ್ಚಿಮಕ್ಕೆ ಐದಾರು ಗಂಟೆ ಕಾರು ಓಡಿಸಿದರೆ ಗೇನ್ಸ್ ಕೌಂಟಿ. ಹತ್ತಿ, ಶೇಂಗಾ ಬೆಳೆಯುವ ಬಯಲು. ಲಸಿಕೆ ಹಾಕಿಸದ ಮಕ್ಕಳು ಅಲ್ಲಿ ಜಾಸ್ತಿ. ಜನವರಿಯಲ್ಲಿ ಶುರುವಾದದ್ದು ಆಗಸ್ಟ್ 18ಕ್ಕೆ ಮುಗಿಯಿತು ಅನ್ನುವ ಹೊತ್ತಿಗೆ ಟೆಕ್ಸಾಸ್‌ನಲ್ಲಿ 762 ಜನಕ್ಕೆ ಬಂದಿತ್ತು. ಇಬ್ಬರು ಮಕ್ಕಳು ಸತ್ತರು. 2000ದಲ್ಲೇ ಈ ದೇಶದಿಂದ ದಡಾರ ತೊಲಗಿತು ಅಂತ ಘೋಷಿಸಿದ್ದರು.

ದಡಾರ ಎಬೋಲಾದ ಹಾಗಲ್ಲ. ರೋಗಿ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ವೈರಸ್ ಆ ಕೋಣೆಯ ಗಾಳಿಯಲ್ಲಿ ಇರಬಹುದು. ಲಸಿಕೆ ಇಲ್ಲದ ಹತ್ತು ಜನ ಹತ್ತಿರ ಇದ್ದರೆ ಒಂಬತ್ತು ಜನಕ್ಕೆ ಹತ್ತಬಹುದು. ಎರಡು ಡೋಸ್ ಲಸಿಕೆ 97% ರಕ್ಷಣೆ ಕೊಡುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಈ ಸಲ ನನ್ನ ಸುತ್ತ ಯಾರೂ ಹೆದರಲಿಲ್ಲ. 2014ರಲ್ಲಿ ಬಾಟಲಿಗಟ್ಟಲೆ ಸ್ಯಾನಿಟೈಸರ್ ಕೊಂಡವರೇ "ದಡಾರ ತಾನೇ" ಅಂದರು.

ಮೇಲಿನಿಂದ ಬಂದ ಮಾತೂ ಹಾಗೇ ಇತ್ತು. ಮೊದಲ ಮಗು ಸತ್ತ ಸುದ್ದಿ ಬಂದ ಫೆಬ್ರವರಿ 26ರಂದೇ ಆರೋಗ್ಯ ಸಚಿವ ರಾಬರ್ಟ್ ಎಫ್. ಕೆನಡಿ ಜೂನಿಯರ್, ಇದೇನೂ ಅಪರೂಪವಲ್ಲ, ದಡಾರ ಪ್ರತಿ ವರ್ಷ ಬರುತ್ತದೆ ಅಂದರು. ಆಮೇಲೆ ವಿಟಮಿನ್ ಎ ಬಗ್ಗೆ ಒತ್ತಿ ಒತ್ತಿ ಹೇಳಿದರು. ಪಶ್ಚಿಮ ಟೆಕ್ಸಾಸ್ ನಗರವಾದ ಲಬಕ್‌ನ ಮಕ್ಕಳ ಆಸ್ಪತ್ರೆಗೆ ವಿಟಮಿನ್ ಎ ಜಾಸ್ತಿಯಾಗಿ ಲಿವರ್‌ಗೆ ತೊಂದರೆಯಾದ ಮಕ್ಕಳೂ ಬಂದರು. ಏಪ್ರಿಲ್ 6ರಂದು ಕೆನಡಿ ಎರಡನೇ ಮಗುವಿನ ಅಂತ್ಯಕ್ರಿಯೆಗೆ ಹೋದರು. ಹೋದದ್ದು ಒಳ್ಳೆಯದೇ. ದಡಾರ ತಡೆಯಲು ಲಸಿಕೆಯೇ ಎಲ್ಲಕ್ಕಿಂತ ಪರಿಣಾಮಕಾರಿ ಅಂತ ಅವತ್ತು ಬರೆದರು. ಆ ಮಾತನ್ನು ಮೊದಲ ದಿನವೇ, ಗಟ್ಟಿಯಾಗಿ, ಆ ಊರಿನ ತಾಯಂದಿರ ಎದುರು ಕೂತು ಹೇಳಬೇಕಿತ್ತು. ನನಗೆ ಸಿಟ್ಟು ಬರುವುದು ಇಲ್ಲೇ. ಎಬೋಲಾಗೆ ಆಗ ಲಸಿಕೆಯೇ ಇರಲಿಲ್ಲ. ದಡಾರಕ್ಕೆ 1963ರಿಂದ ಇದೆ.

ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ ಅವಳು ನಂಬಲಿಲ್ಲ. "ಅಮೆರಿಕದಲ್ಲಿ ದಡಾರಕ್ಕೆ ಮಕ್ಕಳು ಸಾಯ್ತಾರಾ?" ಅಂದಳು. ಅವಳ ತಮ್ಮ ಮೂರು ವರ್ಷದವನಿದ್ದಾಗ ದಡಾರದಲ್ಲೇ ಹೋದ. ಮೈಮೇಲೆ ಅಮ್ಮ (ದೇವಿ) ಎದ್ದಿದಾಳೆ ಅಂತ ಬೇವಿನ ಸೊಪ್ಪು ಹಾಸಿ ಮಲಗಿಸಿದ್ದರಂತೆ. ಆಗ ಅವರಿಗೆ ಬೇರೆ ದಾರಿ ಇರಲಿಲ್ಲ. 2017ರಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ, ವಾಟ್ಸಾಪ್ ಸಂದೇಶ ನೋಡಿ ಹಿಂಜರಿದ ಅಕ್ಕಪಕ್ಕದವರಿಗೆಲ್ಲ ಅವಳು ಹೇಳಿದ್ದು ಈ ತಮ್ಮನ ಕಥೆ.

ಆ ಏಪ್ರಿಲ್‌ನಲ್ಲಿ ಇಲ್ಲಿನ ಕನ್ನಡದ ಗೆಳತಿಯೊಬ್ಬಳು ಎಂಟು ತಿಂಗಳ ಮಗುವಿನ ಜೊತೆ ಬೆಂಗಳೂರಿಗೆ ಹೊರಟಿದ್ದಳು. ವಿದೇಶಕ್ಕೆ ಹೋಗುವ ಆರು ತಿಂಗಳ ಮೇಲಿನ ಶಿಶುಗಳಿಗೆ ಒಂದು ಡೋಸ್ ಮುಂಚೆಯೇ ಕೊಡುತ್ತಾರೆ. ಡಾಕ್ಟರ್ ಹೇಳಿದ್ದರೂ ಅವಳಿಗೆ ಧೈರ್ಯ ಬರಲಿಲ್ಲ. ಲಸಿಕೆಯಿಂದ ಆಟಿಸಂ ಬರುತ್ತದೆ ಅಂತ ಯಾರೋ ಸಂದೇಶ ಕಳಿಸಿದ್ದರು. ಅದು ಸುಳ್ಳು ಅಂತ ಎಷ್ಟೋ ಸಲ ಸಾಬೀತಾಗಿದೆ ಅಂತ ನಾನು ಲಿಂಕ್ ಮೇಲೆ ಲಿಂಕ್ ಕಳಿಸಿದೆ. ಅವಳು ಒಂದನ್ನೂ ತೆರೆಯಲಿಲ್ಲ.

ಶನಿವಾರ ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕಿಕೊಂಡು ಅವಳ ಮನೆಗೆ ಹೋದೆ. ಅಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿ ಕೊಟ್ಟೆ. ಇಬ್ಬರೂ ಮುಕ್ಕಾಲು ಗಂಟೆ ಮಾತಾಡಿದರು. ಸೋಮವಾರ ಕ್ಲಿನಿಕ್‌ನಲ್ಲಿ ಮಗುವನ್ನು ನಾನು ತೊಡೆ ಮೇಲೆ ಹಿಡಿದುಕೊಂಡೆ, ಅವಳು ಕೈ ಹಿಡಿದಳು. ಸೂಜಿ ಚುಚ್ಚಿದಾಗ ಮಗು ಒಂದು ನಿಮಿಷ ಅತ್ತು, ನನ್ನ ಬಳೆ ಎಳೆಯತೊಡಗಿತು.