ಜ್ಯೂರಿಕ್‌ನ ಮೇಯರ್ ಲಾಯ್: ಬರವಣಿಗೆ 1762ಕ್ಕೆ ಬಂತು

ಜೊಹಾನ್ ಯಾಕೋಬ್ ಲಾಯ್ ಅವರ ಬದುಕನ್ನು ಕನ್ನಡದಲ್ಲಿ ಬರೆಯುವ ಕೆಲಸ ಈಗ 1762ನೇ ಇಸವಿಗೆ ಬಂದಿದೆ. ಇಡೀ ಬರಹದಲ್ಲಿ ಕಷ್ಟದ ಜಾಗ ಇದೇ. ಮುಂದೆ ಹೋಗುವ ಮೊದಲು ಇಲ್ಲಿಯವರೆಗಿನ ಕೆಲಸವನ್ನು ಬರೆದಿಡುತ್ತಿದ್ದೇನೆ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಲಾಯ್ ಹುಟ್ಟಿದ್ದು 1689ರಲ್ಲಿ, ತೀರಿಕೊಂಡಿದ್ದು 1768ರಲ್ಲಿ. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ಗೆ ಅವರು ಮೇಯರ್ ಆಗಿದ್ದು 1759ರಲ್ಲಿ, ಎಪ್ಪತ್ತನೇ ವಯಸ್ಸಿನಲ್ಲಿ. ಅಷ್ಟು ಹೊತ್ತಿಗೆ ನಗರದ ಕಚೇರಿಯಲ್ಲಿ ಬರೆಯುವ ಕೆಲಸ, ಕೀಬುರ್ಗ್ ಸೀಮೆಯ ಆಡಳಿತ, ಆಮೇಲೆ ಖಜಾನೆ, ಎಲ್ಲವನ್ನೂ ನೋಡಿಕೊಂಡಿದ್ದರು.

ಮೊದಲ ಭಾಗ ಮುಗಿದಿದೆ. ಆ ಕಾಲದ ಜ್ಯೂರಿಕ್ ಹೇಗೆ ನಡೆಯುತ್ತಿತ್ತು ಅನ್ನೋದೇ ಅದರ ವಿಷಯ. ಅಲ್ಲಿ ಮೇಯರ್ ಒಬ್ಬರಲ್ಲ, ಇಬ್ಬರು. ಆರು ತಿಂಗಳಿಗೊಮ್ಮೆ ಅಧಿಕಾರ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತಿತ್ತು. ಚಿಕ್ಕ ಸಭೆಯಲ್ಲಿ 50 ಜನ. ಅವರನ್ನೂ ಸೇರಿಸಿಕೊಂಡು ದೊಡ್ಡ ಸಭೆಯಲ್ಲಿ 212 ಜನ. ಆ ಸಭೆಗಳಿಗೆ ದಾರಿ ಇದ್ದಿದ್ದು ನಗರದ ಕಸುಬುದಾರರ ಹಾಗೂ ವರ್ತಕರ ಸಂಘಗಳ ಮೂಲಕ. ಊರೊಳಗಿನ ಜನಸಂಖ್ಯೆ ಹತ್ತು ಸಾವಿರದ ಆಸುಪಾಸು. ಸುತ್ತಲಿನ ಹಳ್ಳಿಗಳಲ್ಲಿ ಅದರ ಎಷ್ಟೋ ಪಟ್ಟು ಜನ ಇದ್ದರು, ಆದರೆ ಸಭೆಯಲ್ಲಿ ಅವರಿಗೆ ಒಂದು ಕುರ್ಚಿಯೂ ಇರಲಿಲ್ಲ. ಅವರನ್ನು ಆಳೋಕೆ ನಗರದಿಂದ ಒಬ್ಬ ಅಧಿಕಾರಿ ಹೋಗುತ್ತಿದ್ದ. ನಮ್ಮ ಹಳೇ ಮೈಸೂರಿನ ಅಮಲ್ದಾರರ ಹಾಗೆ ಕಂದಾಯ, ನ್ಯಾಯ ಎರಡೂ ಅವನ ಕೈಯಲ್ಲೇ. ದಂಡದ ಹಣದಲ್ಲಿ ಅವನಿಗೂ ಪಾಲು ಸಿಗುತ್ತಿತ್ತು. ಈ ಒಂದು ಮಾತು ಮುಂದೆ ಬೇಕಾಗುತ್ತೆ.

ಎರಡನೇ ಭಾಗ ಲಾಯ್ ಅವರು ಬರೆದ ವಿಶ್ವಕೋಶದ ಬಗ್ಗೆ. ನಾನು ಇವರ ಹಿಂದೆ ಬಿದ್ದಿದ್ದೇ ಅದರಿಂದ. 1747ರಿಂದ 1765ರವರೆಗೆ 20 ಸಂಪುಟ! ಸ್ವಿಸ್ ಒಕ್ಕೂಟದ ಊರು, ಕೋಟೆ, ಮನೆತನ, ಯಾವ ಇಸವಿಯಲ್ಲಿ ಯಾರು ಯಾವ ಹುದ್ದೆಯಲ್ಲಿದ್ದರು, ಎಲ್ಲವೂ ಅಕ್ಷರಮಾಲೆಯ ಕ್ರಮದಲ್ಲಿ. ಆಗ ಆ ದೇಶಕ್ಕೆ ಒಂದೇ ಸರ್ಕಾರ ಅಂತ ಇರಲಿಲ್ಲ. ಹದಿಮೂರು ಪ್ರಾಂತ್ಯಗಳು ಒಪ್ಪಂದದ ಮೇಲೆ ಜೊತೆಗಿದ್ದವು, ಧರ್ಮದ ವಿಷಯಕ್ಕೆ ಆಗಾಗ ಜಗಳವಾಡುತ್ತಿದ್ದವು. ಆ ಎಲ್ಲ ಪ್ರಾಂತ್ಯಗಳನ್ನೂ ಒಂದೇ ಪುಸ್ತಕದೊಳಗೆ ತಂದರಲ್ಲ, ಅದೂ ಸರ್ಕಾರಿ ಕೆಲಸ ಮಾಡುತ್ತಲೇ, ಅದು ನನಗೆ ಬಹಳ ದೊಡ್ಡದಾಗಿ ಕಾಣುತ್ತೆ. ಸ್ಕ್ಯಾನ್ ಪ್ರತಿಯಲ್ಲಿ ಅಚ್ಚು ಹಳೇ ಜರ್ಮನ್ ಲಿಪಿಯದು. ಅದರಲ್ಲಿ ಉದ್ದ 'ಎಸ್' ಮತ್ತು 'ಎಫ್' ನೋಡೋಕೆ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಊರಿನ ಹೆಸರುಗಳನ್ನು ನಕ್ಷೆಯ ಜೊತೆ ಹೋಲಿಸಿ ನೋಡಿಯೇ ಬರೆದುಕೊಳ್ಳುತ್ತಿದ್ದೇನೆ. ನಿಧಾನ ಆಗುತ್ತೆ, ಆದರೆ ಹೀಗೆ ಓದುವಾಗ ಊರುಗಳ ಪರಿಚಯ ಚೆನ್ನಾಗಿ ಆಗುತ್ತೆ.

ಲಾಯ್ ಅವರ ಹೆಸರಿನ ಬ್ಯಾಂಕಿನ ಭಾಗ ಅರ್ಧ ಆಗಿದೆ. ಆ ಕಾಲದಲ್ಲಿ ಜ್ಯೂರಿಕ್‌ನಲ್ಲಿ ದುಡ್ಡು ಜಾಸ್ತಿ, ಬಡ್ಡಿ ಕಡಿಮೆ. ಆ ದುಡ್ಡನ್ನು ಹೊರದೇಶದಲ್ಲಿ ಹೂಡೋಕೆ 1755ರಲ್ಲಿ ನಗರ ಒಂದು ಬಡ್ಡಿ ಸಮಿತಿ ಮಾಡಿತು. ಖಜಾನೆ ಲಾಯ್ ಅವರ ಕೈಯಲ್ಲಿತ್ತು, ಹಾಗಾಗಿ ಸಮಿತಿಯ ಮುಖ್ಯಸ್ಥರೂ ಅವರೇ ಆದರು. ಹೊರಗಿನವರ ಕಣ್ಣಿಗೆ ಖಾಸಗಿ ವ್ಯಾಪಾರದಂತೆ ಕಾಣಲಿ ಅಂತ ಅವರ ಹೆಸರಲ್ಲೇ 'ಲಾಯ್ ಮತ್ತು ಕಂಪನಿ' ಅಂದರು. ಯುರೋಪಿನ ಸರ್ಕಾರಗಳ ಸಾಲಪತ್ರಗಳಲ್ಲಿ ಹಣ ಹಾಕಿದರು. ಡೇನ್ಮಾರ್ಕ್‌ನ ವಶದಲ್ಲಿದ್ದ ಕೆರಿಬಿಯನ್ ದ್ವೀಪಗಳ ತೋಟಗಳ ಮೇಲಿನ ಸಾಲದಲ್ಲೂ ಈ ಬ್ಯಾಂಕಿನ ಹಣ ಇತ್ತು. ಆ ತೋಟಗಳಲ್ಲಿ ದುಡಿಯುತ್ತಿದ್ದವರು ಗುಲಾಮರು. ಇದನ್ನು ಅಡಿಟಿಪ್ಪಣಿಗೆ ತಳ್ಳುವುದಿಲ್ಲ, ಬರಹದ ಒಳಗೇ ಇಡುತ್ತೇನೆ.

ಈಗ 1762. ಗ್ರೂನಿಂಗೆನ್ ಸೀಮೆಯ ಅಧಿಕಾರಿಯಾಗಿದ್ದವನು ಫೆಲಿಕ್ಸ್ ಗ್ರೇಬೆಲ್. ಲಾಯ್ ಅವರ ಸ್ವಂತ ಅಳಿಯ. ಹಳ್ಳಿಯವರಿಂದ ಅನ್ಯಾಯವಾಗಿ ಹಣ ಕಿತ್ತುಕೊಂಡಿದ್ದಾನೆ ಅನ್ನೋದು ಗೊತ್ತಿದ್ದ ವಿಷಯವೇ. ಆದರೆ ಮಾವ ಮೇಯರ್ ಆಗಿರುವಾಗ ಹಳ್ಳಿಯವರು ದೂರು ಹೊತ್ತು ಹೋಗುವುದಾದರೂ ಎಲ್ಲಿಗೆ? ಕೊನೆಗೆ ಕೈ ಹಾಕಿದ್ದು ಇಬ್ಬರು ಹುಡುಗರು: ಯೋಹಾನ್ ಕಾಸ್ಪರ್ ಲಾವಾಟರ್ ಮತ್ತು ಯೋಹಾನ್ ಹೈನ್‌ರಿಷ್ ಫ್ಯೂಸ್ಲಿ. ಇಬ್ಬರೂ 1741ರಲ್ಲಿ ಹುಟ್ಟಿದವರು, ಪಾದ್ರಿಯಾಗಲು ಓದಿದವರು. ಕಿತ್ತುಕೊಂಡಿದ್ದನ್ನು ಎರಡು ತಿಂಗಳೊಳಗೆ ವಾಪಸ್ ಕೊಡು ಅಂತ ಮೊದಲು ಗ್ರೇಬೆಲ್‌ಗೇ ಪತ್ರ ಬರೆದರು. ಉತ್ತರ ಬರಲಿಲ್ಲ. ಆಮೇಲೆ ಆರೋಪಗಳನ್ನೆಲ್ಲ ಅಚ್ಚು ಹಾಕಿಸಿ, ಹೆಸರು ಹಾಕದೆ, ಸಭೆಯ ಪ್ರಮುಖರ ಮನೆಗಳಿಗೆ ಮುಟ್ಟಿಸಿದರು.

ತನಿಖೆ ನಡೆಯಿತು. ಗ್ರೇಬೆಲ್ ಓಡಿಹೋದ. ತಪ್ಪಿತಸ್ಥ ಅಂತ ತೀರ್ಪಾಯಿತು, ಹಣ ವಾಪಸ್ ಕೊಡಬೇಕಾಯಿತು. ಆದರೆ ಸರಿಯಾದ ದಾರಿಯಲ್ಲಿ ದೂರು ಕೊಡಲಿಲ್ಲ ಅಂತ ಹುಡುಗರಿಗೂ ಛೀಮಾರಿ ಬಿತ್ತು. 1763ರಲ್ಲಿ ಇಬ್ಬರೂ ಊರು ಬಿಟ್ಟು ಜರ್ಮನಿ ಕಡೆ ಹೊರಟರು. ಲಾವಾಟರ್ ಮರಳಿ ಬಂದು ಜ್ಯೂರಿಕ್‌ನಲ್ಲೇ ಹೆಸರಾಂತ ಪಾದ್ರಿಯಾದರು. ಫ್ಯೂಸ್ಲಿ ಲಂಡನ್ ಸೇರಿ ದೊಡ್ಡ ಚಿತ್ರಕಾರರಾದರು.

ಈ ಪ್ರಕರಣದ ಬಗ್ಗೆ ಸಿಗುವ ಬರಹಗಳಲ್ಲಿ ಹೆಚ್ಚಿನವು ಆ ಇಬ್ಬರ ಕಥೆ. ಲಾಯ್ ಅಲ್ಲಿ 'ಅಪರಾಧಿಯ ಮಾವ' ಮಾತ್ರ. ಕೋಶದ ಬಗ್ಗೆ ಬರೆಯುವವರು ಅಳಿಯನ ಸುದ್ದಿ ಎತ್ತುವುದಿಲ್ಲ. ನನ್ನ ಬರಹದಲ್ಲಿ ಎರಡೂ ಒಂದೇ ಕಡೆ ಬರಬೇಕು. ಹೇಗೆ ಅಂದರೆ, ಲಾಯ್ ತಾವೇ ಕೀಬುರ್ಗ್‌ನಲ್ಲಿ ಅಂಥದೇ ಅಧಿಕಾರ ನಡೆಸಿದವರು. ಆ ಹುದ್ದೆಯಲ್ಲಿ ಹಣ ಎಲ್ಲಿಂದ ಬರುತ್ತೆ, ಎಷ್ಟು ಬಂದರೆ ಜಾಸ್ತಿ, ಎಲ್ಲ ಗೊತ್ತಿತ್ತು. ಖಜಾನೆಯ ಲೆಕ್ಕ ನೋಡಿದವರು ಬೇರೆ. ಹಾಗಿದ್ದೂ ಅಳಿಯನ ಲೆಕ್ಕ ಕೇಳೋಕೆ ಇಪ್ಪತ್ತೊಂದರ ಹುಡುಗರೇ ಬೇಕಾಯಿತು. ಇದನ್ನು ಮೆದು ಮಾಡಿ ಬರೆಯೋಕೆ ನನಗೆ ಮನಸ್ಸಿಲ್ಲ. ಆ 20 ಸಂಪುಟಗಳ ಮೇಲಿನ ಗೌರವವೂ ಇದರಿಂದ ಕಡಿಮೆ ಆಗಿಲ್ಲ.

ಅದಕ್ಕೇ ಅಧ್ಯಾಯಗಳ ಕ್ರಮ ಬದಲಾಯಿಸಿದ್ದೇನೆ. ಕೀಬುರ್ಗ್ ಅಧ್ಯಾಯವನ್ನು ಈ ಪ್ರಕರಣಕ್ಕೆ ತೀರಾ ಹತ್ತಿರ ತಂದಿದ್ದೇನೆ. ಅಧಿಕಾರಿಯ ಆದಾಯದ ವಿವರ ಓದುಗರಿಗೆ ನೆನಪಿರುವಾಗಲೇ ಗ್ರೇಬೆಲ್ ಬರಬೇಕು, ಅಲ್ವಾ?

ಮುಂದಿನ ಕೆಲಸ ಬ್ಯಾಂಕಿನ ಉಳಿದರ್ಧ. ಲಾಯ್ ಬ್ಯಾಂಕ್ 2007ರಲ್ಲಿ ಕ್ಲಾರಿಡೆನ್ ಲಾಯ್ ಆಯಿತು, 2012ರಲ್ಲಿ ಕ್ರೆಡಿಟ್ ಸ್ವಿಸ್ ಎಂಬ ದೊಡ್ಡ ಬ್ಯಾಂಕಿನೊಳಗೆ ಸೇರಿತು. ಜೊತೆಗೆ ಹೋಲ್ಟ್ಸ್‌ಹಾಲ್ಬ್ ಎಂಬುವವರು 1786ರಿಂದ 1795ರವರೆಗೆ ಈ ಕೋಶಕ್ಕೆ ಬರೆದ ಪುರವಣಿ ಸಂಪುಟಗಳನ್ನೂ ತೆರೆಯಬೇಕು. ಮೊದಲು ನೋಡುವುದು ಗ್ರೇಬೆಲ್ ಮನೆತನದ ನಮೂದನ್ನು.